ನಮ್ಮ ಮ್ಯಾನೇಜರ್ ಸಾಹೇಬರ ಗುಣಗಾನ

ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಯಾವಾಗಲಾದರೊಮ್ಮೆ ನಿಲ್ಲುತ್ತದೆ, ಫಜೀತಿ ಮಾತ್ರ ನಿಲ್ಲುವುದಿಲ್ಲ. ಕೆಲಸಕ್ಕಾದರೂ ಶನಿವಾರ ಭಾನುವಾರ ರಜೆ ಉಂಟು, ಫಜೀತಿಗೆ ಅದೂ ಇಲ್ಲ.

ಮೊನ್ನೆ ನಮ್ಮ ಆಫೀಸಿನ ಹೊಸಬರ ಮುಂದೆ ನನ್ನನ್ನು ನಿಲ್ಲಿಸಿ, ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇರಬೇಕಾದ ಗುಣಗಳ ಬಗ್ಗೆ ಮಾತಾಡಿ ಎಂದರು. ನಾಯಕತ್ವ, ದೂರದೃಷ್ಟಿ, ಸಂವಹನ ಕೌಶಲ ಎಂದೆಲ್ಲ ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ದೂರದೃಷ್ಟಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಆಕಳಿಸಿದಳು. ಆಕಳಿಕೆ ನನಗೂ ಅಂಟಿತು. ನನ್ನ ಸ್ಲೈಡಿಗೆ ನಾನೇ ಆಕಳಿಸಿದ ಮೇಲೆ ಇನ್ನೇನು ಉಳಿಯಿತು? ಕಂಪ್ಯೂಟರ್ ಮುಚ್ಚಿಟ್ಟು, ಹೈದರಾಬಾದಿನ ನಮ್ಮ ಮ್ಯಾನೇಜರ್ ಸಾಹೇಬರ ಕಥೆ ಶುರು ಮಾಡಿದೆ. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ.

ಆಗ ಐಟಿಯ ಸುಗ್ಗಿ ಕಾಲ. ಕೊಂಡಾಪುರದಲ್ಲಿ ಇವತ್ತು ಬಂಡೆ ಇದ್ದಲ್ಲಿ ನಾಳೆ ಗಾಜಿನ ಕಟ್ಟಡ. ನಾನು ಮೈಸೂರಿನಲ್ಲಿ ಕಾಲೇಜು ಲೆಕ್ಚರರ್ ಆಗಿದ್ದೆ, ಕಾಯಂ ಕೆಲಸ. ಅದನ್ನು ಬಿಟ್ಟು, ಮನೆಮಂದಿಯೆಲ್ಲ ಬೇಡ ಬೇಡ ಎಂದರೂ ಕೇಳದೆ ಹೈದರಾಬಾದಿನ ರೈಲು ಹತ್ತಿದ್ದೆ. ನಮ್ಮ ಚಿಕ್ಕಪ್ಪ ಸ್ಟೇಷನ್ನಿಗೇ ಬಂದು, "ಹೋಗಮ್ಮ, ಹೋಗಿ ನೋಡು. ಆಮೇಲೆ ನಾನು ಹೇಳಲಿಲ್ಲ ಅನ್ನಬೇಡ" ಎಂದು ಆಶೀರ್ವಾದ ಮಾಡಿದ್ದರು.

ಬಂದು ನೋಡಿದರೆ ನನ್ನನ್ನು ಹಾಕಿದ್ದು ಮುಳುಗುತ್ತಿದ್ದ ಪ್ರಾಜೆಕ್ಟಿಗೆ. ಯುರೋಪಿನ ಒಂದು ತಣ್ಣನೆಯ ದೇಶದಲ್ಲಿ ಟೈಲ್ಸು, ಗಾಜಿನ ಹಲಗೆ, ನಲ್ಲಿ ಸಾಮಾನು ಮಾರುವ ಕಂಪನಿ ನಮ್ಮ ಗಿರಾಕಿ. ಅವರ ಗೋದಾಮಿನಲ್ಲಿ ಯಾವ ಮಾಲು ಯಾವ ರ‍್ಯಾಕಿನಲ್ಲಿದೆ ಎಂದು ಹೇಳುವ ಸಾಫ್ಟ್‌ವೇರು ನಾವು ಮಾಡಬೇಕು. ಮೊದಲನೆಯ ಸಲ ಕಳಿಸಿದ್ದು ಅಲ್ಲಿ ಹೋಗಿ ಮಕಾಡೆ ಮಲಗಿತ್ತು. ಜನವರಿಯಲ್ಲಿ ಅವರ ದೊಡ್ಡ ಮನುಷ್ಯರೇ ಖುದ್ದು ಬಂದು ನೋಡುತ್ತಾರೆ, ಒಪ್ಪಿಗೆಯಾದರೆ ಸರಿ, ಇಲ್ಲದಿದ್ದರೆ ಕೆಲಸ ಬೇರೆ ಕಂಪನಿಗೆ ಎಂದು ಹೇಳಿಯಾಗಿತ್ತು. ಪ್ರಾಜೆಕ್ಟ್ ಹೋದರೆ ಹಳಬರನ್ನು ಬೇರೆ ಕಡೆ ಹಾಕುತ್ತಾರೆ. ಇನ್ನೂ ಕಾಯಂ ಆಗದ ನನ್ನಂಥವರು ಗಂಟುಮೂಟೆ ಕಟ್ಟಬೇಕು. ಕೆಲಸ ಹೋಗುವುದನ್ನಾದರೂ ತಡೆದುಕೊಂಡೇನು, ಮೈಸೂರು ಸ್ಟೇಷನ್ನಿನಲ್ಲಿ ಚಿಕ್ಕಪ್ಪನ ಮುಖ ನೋಡುವುದು ನನ್ನಿಂದಾಗದು.

ಹೀಗೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದವಳಿಗೆ ಸಿಕ್ಕವರು ನಮ್ಮ ಮ್ಯಾನೇಜರ್ ಸಾಹೇಬರು.

ಸುಳ್ಳಿನ ಭಾಷೆ, ನಿಜದ ಭಾಷೆ

ಸಾಹೇಬರ ಹಿರಿಯರು ಬಿಜಾಪುರದ ಕಡೆಯವರು, ಬಟ್ಟೆ ವ್ಯಾಪಾರಕ್ಕೆಂದು ಹೈದರಾಬಾದಿಗೆ ಬಂದು ಇಲ್ಲೇ ನೆಲೆ ನಿಂತವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು, ಆಫೀಸಿನಲ್ಲಿ ಇಂಗ್ಲಿಷ್. ಇಷ್ಟು ಭಾಷೆ ಬರುವವರು ಹೈದರಾಬಾದಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅದನ್ನು ಸತ್ಯ ಹೊರಗೆ ತೆಗೆಯಲು ಬಳಸುತ್ತಿದ್ದವರು ಇವರೊಬ್ಬರೇ.

ಪ್ರತಿ ಸೋಮವಾರ ಮೀಟಿಂಗ್. ಗಾಜಿನ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಇಂಗ್ಲಿಷಿನಲ್ಲಿ ಕೇಳುವರು, ಕೆಲಸ ಎಲ್ಲಿಗೆ ಬಂತು? ನಮ್ಮ ಟೀಮಿನ ವರಂಗಲ್ ಹುಡುಗ ಎದೆಯುಬ್ಬಿಸಿ ಇಂಗ್ಲಿಷಿನಲ್ಲಿ ಹೇಳುವನು, "ಬಹುತೇಕ ಮುಗಿದಿದೆ ಸರ್, ನಾಳೆ ಕೊಡುತ್ತೇನೆ." ಸಾಹೇಬರು ತಲೆಯಾಡಿಸಿ ಮುಂದಕ್ಕೆ ಹೋಗುವರು. ನನಗೆ ಮೈ ಉರಿಯುವುದು. ಅವನು ಹಿಂದಿನ ಸೋಮವಾರವೂ ಅದನ್ನೇ ಹೇಳಿದ್ದ, ಇವರು ಹಾಗೇ ನಂಬಿಬಿಡುತ್ತಾರಲ್ಲ!

ಮೀಟಿಂಗ್ ಮುಗಿದ ಮೇಲೆ ಎಲ್ಲರೂ ರಸ್ತೆಯಾಚೆಯ ಚಹಾ ಬಂಡಿಗೆ ಹೋಗುತ್ತಿದ್ದೆವು. ಒಂದು ದಿನ ಅಲ್ಲಿ ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ, ನಿಜ ಹೇಳಪ್ಪ, ಎಲ್ಲಿಯವರೆಗೆ ಆಯಿತು ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. "ನಿಜಂಗಾ ಚೆಪ್ಪು ನಾನ್ನಾ, ಎಂತವರಕು ಅಯ್ಯಿಂದಿ?"

ಹುಡುಗ ಚಹಾದ ಲೋಟ ನೋಡುತ್ತಾ ಹೇಳಿದ, "ಇಂಕಾ ಮೊದಲುಪೆಟ್ಟಲೇದು ಸಾರ್."

ಅಂದರೆ ಇನ್ನೂ ಶುರುವೇ ಮಾಡಿಲ್ಲ!

ಸಾಹೇಬರು ಬೈಯಲಿಲ್ಲ. ಎಲ್ಲಿ ಸಿಕ್ಕಿಕೊಂಡಿದ್ದಿ ಎಂದು ಕೇಳಿದರು. ಅಲ್ಲೇ ನಿಂತು ದಾರಿ ಹೇಳಿಕೊಟ್ಟರು. ಆ ವಾರ ಅವನ ಕೆಲಸ ನಿಜವಾಗಿಯೂ ಮುಗಿಯಿತು. ನಾನು ಆಶ್ಚರ್ಯದಿಂದ, "ಸರ್, ಮೀಟಿಂಗಿನಲ್ಲೇ ಯಾಕೆ ಕೇಳಲಿಲ್ಲ?" ಎಂದೆ.

"ಇಂಗ್ಲಿಷಿನ್ಯಾಗ ಎಲ್ಲಾರದೂ ಕೆಲಸ ಮುಗದಿರ್ತೈತಿ ತಂಗಿ. ಅವರವ್ವ ಮಾತಾಡೂ ಭಾಷಾದಾಗ ಕೇಳಿದ್ರ ಹುಡುಗ್ರು ಸುಳ್ಳ ಹೇಳಾಂಗಿಲ್ಲ" ಎಂದರು. ಆಮೇಲೆ ಅದೇ ಉಸಿರಿನಲ್ಲಿ, "ಈಗ ನೀ ಹೇಳು. ನಿಂದು ಎಲ್ಲಿಗೆ ಬಂತು?" ಎಂದರು.

ನಾನು ಸ್ವಚ್ಛ ಮೈಸೂರು ಕನ್ನಡದಲ್ಲಿ, "ಹೆಚ್ಚೂಕಡಿಮೆ ಆದ ಹಾಗೇನೇ ಸರ್. ಒಂಚೂರು ಅಲ್ಲಿ ಇಲ್ಲಿ ತಿದ್ದಿಬಿಟ್ಟರೆ ಆಗಿಯೇಹೋಯಿತು ಅಂದುಕೊಳ್ಳಿ" ಎಂದೆ.

ಸಾಹೇಬರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ನಿಮ್ಮ ಮೈಸೂರ ಕಡೆ ಸುಳ್ಳೂ ಎಷ್ಟು ಚಂದ ಹೇಳ್ತೀರವಾ!"

ಸೀರೆ ಅಂಗಡಿಯ ಪಾಠ

ಟೈಲ್ಸ್ ಕಂಪನಿಯ ಆ ದೊಡ್ಡ ಮನುಷ್ಯರ, ಅಂದರೆ ನಮ್ಮ ಗಿರಾಕಿ ಸಾಹೇಬರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ ನನಗೆ ಬಂತು. ಅವರು ಪ್ರತಿ ಸಲ ಫೋನಿಟ್ಟಾಗ ನಮ್ಮ ಕೆಲಸ ಒಂದು ಸುತ್ತು ದಪ್ಪಗಾಗಿರುತ್ತಿತ್ತು. "ಇದೊಂದು ಚಿಕ್ಕ ಬದಲಾವಣೆ" ಎನ್ನುವರು, ನಾನು ಆಗಲಿ ಎನ್ನುವೆ. ಮಾತಿನ ಕೊನೆಗೆ "ಇನ್ನೊಂದು, ಅದೂ ಚಿಕ್ಕದೇ" ಎನ್ನುವರು, ಅದಕ್ಕೂ ಆಗಲಿ. ಜನವರಿ ಮಾತ್ರ ಇದ್ದಲ್ಲೇ ಇತ್ತು. ವರಂಗಲ್ ಹುಡುಗ ನನ್ನನ್ನು ಕಂಡರೆ ಬೇರೆ ದಾರಿಯಲ್ಲಿ ಹೋಗುವಂತಾಯಿತು.

ಸಾಹೇಬರು ಇದನ್ನು ನೋಡಿದರು. ಒಂದು ಶನಿವಾರ, "ನಾಳೆ ಮನಿಗೆ ಬಾ. ನಿಮ್ಮ ವೈನಿ ಸುಲ್ತಾನ್ ಬಜಾರಕ್ಕ ಸೀರಿ ತರಾಕ ಹೊಂಟಾಳ. ಅಕಿ ಕೂಡ ಹೋಗು. ಬರೇ ನೋಡು, ಏನೂ ಮಾತಾಡಬ್ಯಾಡ" ಎಂದರು. ವೈನಿ ಎಂದರೆ ಅವರ ಕಡೆ ಅತ್ತಿಗೆ. ಸಾಹೇಬರ ಹೆಂಡತಿಯನ್ನು ಟೀಮಿನವರೆಲ್ಲ ಹಾಗೆಯೇ ಕರೆಯುತ್ತಿದ್ದೆವು.

ಸುಲ್ತಾನ್ ಬಜಾರಿನ ಅಂಗಡಿಯವನು ಗಾದಿಯ ಮೇಲೆ ಸೀರೆಯ ಗುಡ್ಡವನ್ನೇ ಹರವಿದ. "ಇದು ನೋಡಿ, ಈ ಬಣ್ಣ ನಿಮಗೇ ಅಂತ ಬಂದದ್ದು" ಎಂದ. ನಾನಾಗಿದ್ದರೆ ದಾಕ್ಷಿಣ್ಯಕ್ಕೇ ತೆಗೆದುಕೊಂಡುಬಿಡುತ್ತಿದ್ದೆ. ವೈನಿ ಸೀರೆ ಸವರಿ, ಮುಖ ತುಂಬ ನಕ್ಕು, "ಭೋತ್ ಅಚ್ಛಾ ಹೈ. ಯೇ ರಖೋ, ವೋ ನಿಕಾಲೋ" ಎಂದರು. ಇದನ್ನಿಡು, ಅದನ್ನು ತೆಗಿ. ಅವನು ಇನ್ನೊಂದು ಬಿಚ್ಚಿದ. "ಅರೆ ವಾಹ್! ಯೇ ರಖೋ, ವೋ ನಿಕಾಲೋ." ಅವನು ಬೆವರು ಸುರಿಸುತ್ತಾ ಇಡೀ ಅಂಗಡಿ ಬಿಚ್ಚಿದ. ವೈನಿ ಒಂದಕ್ಕೂ ಬೇಡ ಎನ್ನಲಿಲ್ಲ, ಒಮ್ಮೆಯೂ ನಗು ಮಾಸಲಿಲ್ಲ. ಹೊರಗೆ ಬಂದಾಗ ಕೈಯಲ್ಲಿದ್ದದ್ದು ಮನೆಯಿಂದ ಹೊರಡುವಾಗ ಏನು ಅಂದುಕೊಂಡಿದ್ದರೋ ಅದೇ, ಒಂದೇ ಸೀರೆ. ಅಂಗಡಿಯವನು ಬಾಗಿಲ ತನಕ ಬಂದು ಕೈ ಮುಗಿದು ಕಳಿಸಿದ.

ಸೋಮವಾರ ಗಿರಾಕಿ ಸಾಹೇಬರ ಫೋನು ಬಂತು. "ಇನ್ನೊಂದು ಚಿಕ್ಕ ಬದಲಾವಣೆ..."

"ಬಹಳ ಚೆನ್ನಾಗಿದೆ ಸರ್!" ಎಂದೆ. "ಇದನ್ನು ಖಂಡಿತ ಇಡೋಣ. ಯಾವುದನ್ನು ತೆಗೆಯಲಿ?"

ಆ ಕಡೆ ಅವರು ಪಟ್ಟಿಯ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ ಅವರು ತಾವೇ, ಪರವಾಗಿಲ್ಲ, ಇದು ಮುಂದಿನ ವರ್ಷಕ್ಕಿರಲಿ ಎಂದರು. ಫೋನಿಡುವ ಮೊದಲು, "ನೀವು ಮ್ಯಾನೇಜ್‌ಮೆಂಟ್ ಎಲ್ಲಿ ಓದಿದ್ದು?" ಎಂದು ಕೇಳಿದರು.

"ಸುಲ್ತಾನ್ ಬಜಾರ್" ಎಂದೆ.

"ಹಳೆಯ ಸಂಸ್ಥೆಯೇ?"

"ಬಹಳ ಹಳೆಯದು ಸರ್. ಸೀಟು ಸಿಗುವುದೇ ಕಷ್ಟ."

ರ‍್ಯಾಕಿನಲ್ಲಿ ರೊಟ್ಟಿ

ಸಾಫ್ಟ್‌ವೇರನ್ನು ಪರೀಕ್ಷೆ ಮಾಡಲು ಸುಳ್ಳುಸುಳ್ಳೇ ಸಾಮಾನುಗಳ ಹೆಸರು ತುಂಬಿಸಬೇಕು. ಟೈಲ್ಸ್ ಒಂದು, ಟೈಲ್ಸ್ ಎರಡು ಎಂದು ಹಾಕಿ ಹಾಕಿ ಬೇಜಾರಾಗಿ, ನಾವು ಬಾಯಿಗೆ ಬಂದದ್ದನ್ನು ಹಾಕಲು ಶುರು ಮಾಡಿದೆವು. ಹೊಟ್ಟೆ ಹಸಿದ ಹೊತ್ತು ಬೇರೆ. ವರಂಗಲ್ ಹುಡುಗ ಗೋಂಗೂರ ಪಚ್ಚಡಿ ಹಾಕಿದ. ನಾನು ಬಿಸಿಬೇಳೆಬಾತು, ಮಜ್ಜಿಗೆಹುಳಿ, ವೈನಿ ಕಳಿಸಿದ ಬುತ್ತಿ ನೆನಪಾಗಿ ಜೋಳದ ರೊಟ್ಟಿ ಹಾಕಿದೆ. ಮತ್ತೆ ಅಳಿಸಿದರಾಯಿತು ಎಂದುಕೊಂಡೆವು. ಅಳಿಸಲು ಅವನಿದ್ದಾನೆಂದು ನಾನು, ನಾನಿದ್ದೇನೆಂದು ಅವನು.

ಡಿಸೆಂಬರಿನಲ್ಲಿ ಗಿರಾಕಿಗಳಿಗೆ ದೂರದಿಂದಲೇ ಒಮ್ಮೆ ತೋರಿಸುವುದಿತ್ತು. ಫೋನಿನಲ್ಲಿ ಮಾತು, ಎರಡೂ ಕಡೆಯ ಕಂಪ್ಯೂಟರಿನಲ್ಲಿ ಒಂದೇ ಚಿತ್ರ. ಗಿರಾಕಿ ಸಾಹೇಬರು ನಲ್ಲಿ ಸಾಮಾನಿನ ರ‍್ಯಾಕು ತೆರೆದು ತೋರಿಸಿ ಎಂದರು. ತೆರೆದೆ. ಪೈಪು, ಪೈಪು, ಪೈಪು, ಜೋಳದ ರೊಟ್ಟಿ.

ಥಟ್ಟನೆ ಮುಚ್ಚಲು ಹೋದೆ, ಅಷ್ಟರಲ್ಲಿ ಆ ಕಡೆ ಕಂಡಾಗಿತ್ತು.

"ಇದೇನು?" ಎಂದರು ಗಿರಾಕಿ ಸಾಹೇಬರು. ಇಂಗ್ಲಿಷ್ ಅಕ್ಷರದಲ್ಲಿದ್ದ ಅದನ್ನು ಕಷ್ಟಪಟ್ಟು ಓದಿದರು. "ಈ ಮಾಲು ನಾವು ಮಾರುವುದಿಲ್ಲವಲ್ಲ?"

ಇನ್ನು ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಸಾಹೇಬರು ಫೋನನ್ನು ತಮ್ಮ ಕಡೆ ಎಳೆದುಕೊಂಡರು. ಅದನ್ನು ಹಾಕಿಸಿದವನು ನಾನು, ಪರೀಕ್ಷೆಗೆಂದು ಹಾಕಿಸಿದ ಮಾಲು ಎಂದರು. ಎಂಥ ಮಾಲು ಎಂದು ಆ ಕಡೆಯಿಂದ ಕೇಳಿದರು. ಸಾಹೇಬರು ಒಂದಿಷ್ಟೂ ಗಲಿಬಿಲಿಯಾಗದೆ ಇಂಗ್ಲಿಷಿನಲ್ಲಿ ವಿವರಿಸಿದರು. ತೆಳ್ಳಗೆ, ದುಂಡಗೆ, ಚಪ್ಪಟೆಯಾಗಿರುತ್ತದೆ. ಒಂದರ ಮೇಲೊಂದು ಎಷ್ಟು ಬೇಕಾದರೂ ಪೇರಿಸಬಹುದು. ಒಣಗಿದ ಮೇಲೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಬೀಳಿಸಿದರೆ ಚೂರುಚೂರು.

ಆ ಕಡೆ ಗಿರಾಕಿ ಸಾಹೇಬರು ಗಂಭೀರವಾಗಿ ಯೋಚಿಸಿದರು. "ಹಾಗಿದ್ದರೆ ಇದು ಪೈಪಿನ ಜೊತೆ ಇರಬಾರದು. ಗಾಜಿನ ಜೊತೆ ಇಡಿ."

ಇಟ್ಟೆವು. ನಮ್ಮ ಸಾಫ್ಟ್‌ವೇರು ರೊಟ್ಟಿಯನ್ನು ಒಂದು ಚೂರೂ ಮುರಿಯದೆ ಗಾಜಿನ ರ‍್ಯಾಕಿಗೆ ಸಾಗಿಸಿತು. ಅವರಿಗೆ ಮೊದಲ ಸಲ ಸಮಾಧಾನವಾದಂತಿತ್ತು.

ಫೋನಿಟ್ಟ ಮೇಲೆ ನಾನೂ ವರಂಗಲ್ ಹುಡುಗನೂ ತಲೆ ತಗ್ಗಿಸಿ ನಿಂತೆವು. ತಪ್ಪು ನಮ್ಮದು, ಹೊತ್ತುಕೊಂಡವರು ಅವರು. ಸಾಹೇಬರು ಪರದೆಯ ಮೇಲಿನ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ಓದಿದರು. ಅವರ ಹುಬ್ಬು ಗಂಟಿಕ್ಕಿತು. ಈಗ ಬಿತ್ತು ಬೈಗುಳ ಎಂದುಕೊಂಡೆ.

"ಮಜ್ಜಿಗಿಹುಳಿ ಯಾರು ಹಾಕಿದ್ರಿ? ನೀರ ಪದಾರ್ಥ ರ‍್ಯಾಕಿನ್ಯಾಗ ಹೆಂಗ ನಿಂದರ್ತೈತಿ? ಸ್ವಲ್ಪರ ಬುದ್ಧಿ ಬ್ಯಾಡೇನು?"

ದೊಡ್ಡ ಸಾಹೇಬರಿಗೆ ಒಂದು ಕೆಲಸ

ಜನವರಿ ಹತ್ತಿರ ಬಂದಂತೆ ಮೇಲಿನ ಮಹಡಿಯಲ್ಲಿ ಕೂರುವ ನಮ್ಮ ಕಂಪನಿಯ ದೊಡ್ಡ ಸಾಹೇಬರಿಗೆ ತಳಮಳ ಶುರುವಾಯಿತು. ಗಳಿಗೆಗೊಮ್ಮೆ ಕೆಳಗಿಳಿದು ಬಂದು ನಮ್ಮ ಕುರ್ಚಿಯ ಹಿಂದೆ ನಿಲ್ಲುವರು. ಹಿಂದೆ ಒಬ್ಬರು ಉಸಿರಾಡುತ್ತಾ ನಿಂತರೆ ಕೈ ಎಲ್ಲಿ ಓಡುತ್ತದೆ?

ನಮ್ಮ ಸಾಹೇಬರು ಅವರಿಗೆ ಹೋಗಿ ಎನ್ನಲಿಲ್ಲ. ಬಹಳ ವಿನಯದಿಂದ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಕುರ್ಚಿ ಹಾಕಿ, ಒಂದು ಕಂಪ್ಯೂಟರ್ ಕೊಟ್ಟರು. "ಸರ್, ಒಂದು ನಾಜೂಕಿನ ಕೆಲಸ ಇದೆ. ಹುಡುಗರ ಕೈಲಿ ಆಗುವುದಿಲ್ಲ, ಅನುಭವ ಬೇಕು. ಈ ಗುಂಡಿ ಒತ್ತುತ್ತಾ ಇರಬೇಕು. ಎಲ್ಲಾದರೂ ಕೆಟ್ಟು ನಿಂತರೆ ಹೇಳಬೇಕು" ಎಂದರು. ದೊಡ್ಡ ಸಾಹೇಬರು ತೋಳು ಮಡಿಸಿ ಕೂತರು. ನಮಗೆ ಒಂದು ಮಧ್ಯಾಹ್ನ ಪೂರ್ತಿ ಸ್ವರ್ಗ ಸಿಕ್ಕಿತು.

ಸಂಜೆ ಪಕ್ಕದ ಕೋಣೆಯಿಂದ "ನಿಂತಿತು! ನಿಂತಿತು!" ಎಂದು ಕೂಗು. ಓಡಿ ಹೋಗಿ ನೋಡಿದರೆ ನಿಜವಾಗಿಯೂ ಒಂದು ದೋಷ ಸಿಕ್ಕಿದೆ. ನಾವು ಯಾರೂ ಕಂಡಿರದ, ಗಿರಾಕಿಯ ಮುಂದೆ ಮಾನ ಕಳೆಯಬಹುದಾಗಿದ್ದ ದೋಷ. ಸಾಹೇಬರು ಎಲ್ಲರಿಂದ ಚಪ್ಪಾಳೆ ಹೊಡೆಸಿದರು.

ಮರುದಿನ ಬೆಳಿಗ್ಗೆ ನಾವು ಬರುವ ಮೊದಲೇ ದೊಡ್ಡ ಸಾಹೇಬರು ಕೋಣೆಯ ಮುಂದೆ ನಿಂತಿದ್ದರು. "ಇವತ್ತು ಯಾವ ಗುಂಡಿ?"

ನಾಂಪಲ್ಲಿಯಲ್ಲಿ ಕಳೆದದ್ದು

ಜನವರಿ ಬಂತು, ಗಿರಾಕಿ ಸಾಹೇಬರೂ ಬಂದರು. ಎತ್ತರದ ಆಳು, ನೀಲಿ ಸೂಟು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಇಡೀ ದಿನ ಕೂತು ಎಲ್ಲವನ್ನೂ ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ಸಂಜೆ ಎದ್ದು, "ನನ್ನ ತೀರ್ಮಾನ ನಾಳೆ ಹೇಳುತ್ತೇನೆ" ಎಂದರು. ನನಗೆ ಮೈಸೂರು ಸ್ಟೇಷನ್ನು ಕಣ್ಣ ಮುಂದೆ ಬಂತು, ಪ್ಲಾಟ್‌ಫಾರಮ್ಮಿನ ಮೇಲೆ ಚಿಕ್ಕಪ್ಪ.

ದೊಡ್ಡ ಸಾಹೇಬರು ದೊಡ್ಡ ಹೋಟೆಲಿನಲ್ಲಿ ಊಟ ಎಂದಿದ್ದರು. ನಮ್ಮ ಸಾಹೇಬರು, "ಅಂಥಾ ಹೋಟೆಲ್ ಅವರೂರಾಗೂ ಇರ್ತಾವ್ರಿ. ನಾಂಪಲ್ಲಿ ಎಕ್ಸಿಬಿಷನ್ ಇರಾಂಗಿಲ್ಲ" ಎಂದು ಎಲ್ಲರನ್ನೂ ವ್ಯಾನಿಗೆ ಹತ್ತಿಸಿದರು.

ವರ್ಷಕ್ಕೊಮ್ಮೆ ಜಾತ್ರೆಯಂತೆ ನೆರೆಯುವ ಆ ಎಕ್ಸಿಬಿಷನ್ ಮೈದಾನದಲ್ಲಿ ಜನವೋ ಜನ. ಕಾಶ್ಮೀರದ ಶಾಲು, ಬಳೆ, ಮಿರ್ಚಿ ಬಜ್ಜಿ, ಉಯ್ಯಾಲೆ, ಎಲ್ಲದರ ಮೇಲೆ ಧೂಳು ಮತ್ತು ಧ್ವನಿವರ್ಧಕ. ಸಾಹೇಬರು ಮುಂದೆ, ವರಂಗಲ್ ಹುಡುಗ ಹಿಂದೆ. ಗಿರಾಕಿ ಸಾಹೇಬರ ಪಕ್ಕ ಬಿಡದೆ ನಡೆಯುವ ಜವಾಬ್ದಾರಿ ನನ್ನದು. ಒಂದು ಅಂಗಡಿಯಲ್ಲಿ ಒಬ್ಬ ಕುತ್ತಿಗೆಗೆ ಮೈಕು ಕಟ್ಟಿಕೊಂಡು, ತರಕಾರಿ ಹೆಚ್ಚುವ ಪುಟ್ಟ ಯಂತ್ರದಲ್ಲಿ ಕ್ಯಾರೆಟ್ಟನ್ನು ಹೂವು ಮಾಡಿ ತೋರಿಸುತ್ತಿದ್ದ. ಗಿರಾಕಿ ಸಾಹೇಬರು ಅಲ್ಲಿ ನಿಂತರು. ನಾನೂ ನಿಂತೆ. ಒಂದು ಮದುವೆ ದಿಬ್ಬಣದಷ್ಟು ದೊಡ್ಡ ಕುಟುಂಬ ನಮ್ಮಿಬ್ಬರ ನಡುವೆ ಹಾದುಹೋಯಿತು. ಅವರು ಹಾದು ಮುಗಿದಾಗ ಅಲ್ಲಿ ಕ್ಯಾರೆಟ್ ಇತ್ತು, ಗಿರಾಕಿ ಇರಲಿಲ್ಲ.

ಬಳೆಯಂಗಡಿ, ಶಾಲಿನಂಗಡಿ, ಉಯ್ಯಾಲೆ ಎಲ್ಲ ಹುಡುಕಿದೆವು. ಇಲ್ಲ. ಅವರ ಫೋನು ನಮ್ಮ ದೇಶದಲ್ಲಿ ನಡೆಯುತ್ತಿರಲಿಲ್ಲ. ನಾಂಪಲ್ಲಿ ಸ್ಟೇಷನ್ ಹತ್ತಿರವೇ ಇತ್ತು. ಹಾಗೇ ಹೋಗಿ ಯಾವುದಾದರೂ ರೈಲು ಹತ್ತಿಬಿಡಲೇ ಎಂದು ನಾನು ನಿಜವಾಗಿಯೂ ಯೋಚಿಸಿದೆ. ಸಾಹೇಬರು ಮಾತ್ರ, "ಅಂಜಬ್ಯಾಡ ತಂಗಿ. ಅಷ್ಟು ಎತ್ತರದ ಮನಷ್ಯಾ ಎಲ್ಲಿ ಮುಚ್ಚಿಟ್ಟಾರು?" ಎಂದು ನಡೆಯುತ್ತಲೇ ಇದ್ದರು.

ಆಗ ಧ್ವನಿವರ್ಧಕ ಗೊರಗುಟ್ಟಿತು. ಕಳೆದುಹೋದ ಮಕ್ಕಳ ವಿವರ. ಕೆಂಪು ಫ್ರಾಕಿನ ಹುಡುಗಿ, ಅಳುತ್ತಿದ್ದಾಳೆ. ಹಳದಿ ಅಂಗಿಯ ಹುಡುಗ, ಅಳುತ್ತಿದ್ದಾನೆ. ಆಮೇಲೆ, "ಏಕ್ ಗೋರೇ ಸಾಬ್ ಮಿಲೇ ಹೈಂ. ನೀಲಾ ಸೂಟ್. ರೋ ನಹೀಂ ರಹೇ. ಜಿನ್‌ಕೇ ಭೀ ಹೈಂ, ಆಕೇ ಲೇ ಜಾಯೇಂ."

ನೀಲಿ ಸೂಟಿನ ಬಿಳಿ ಸಾಹೇಬರು, ಅಳುತ್ತಿಲ್ಲ, ಯಾರವರೋ ಅವರು ಬಂದು ಕರೆದುಕೊಂಡು ಹೋಗಬೇಕು!

ಓಡಿದೆವು. ಮಕ್ಕಳ ಡೇರೆಯಲ್ಲಿ ಗಿರಾಕಿ ಸಾಹೇಬರು ಅಂಗೈಯಗಲದ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಕಳೆದುಹೋದವರಿಗೆಲ್ಲ ಕೊಡುವ ಚಾಕಲೇಟು ಅವರ ಕೈಯಲ್ಲೂ ಇತ್ತು. ಆ ಅಂಗಡಿಯಲ್ಲಿ ಅಷ್ಟರೊಳಗೆ ತಾವು ಕೊಂಡಿದ್ದ ಯಂತ್ರದಲ್ಲಿ ಕ್ಯಾರೆಟ್ ಹೂವು ಮಾಡಿ ಕೆಂಪು ಫ್ರಾಕಿನ ಹುಡುಗಿಗೆ ತೋರಿಸುತ್ತಿದ್ದರು. ಅವಳು ಅಳು ನಿಲ್ಲಿಸಿದ್ದಳು.

ಡೇರೆಯ ಸ್ವಯಂಸೇವಕ ಕಟ್ಟುನಿಟ್ಟಿನವನು. ಹಾಗೆಲ್ಲ ಯಾರ ಕೈಗೂ ಕೊಡುವುದಿಲ್ಲ, ಇವರು ನಿಮಗೆ ಏನಾಗಬೇಕು ಎಂದ. "ಯೇ ಆಪ್‌ಕೇ ಕೌನ್ ಲಗ್ತೇ?"

"ಕಸ್ಟಮರ್" ಎಂದರು ಸಾಹೇಬರು.

"ಕಸ್ಟಮರ್ ಕೂ ಕೋಯಿ ಐಸಾ ಛೋಡ್ತೇ ಕ್ಯಾ ಸಾಬ್?" ಗಿರಾಕಿಯನ್ನು ಯಾರಾದರೂ ಹೀಗೆ ಬಿಡುತ್ತಾರೆಯೇ ಎಂದು ಗದರಿ, ಅವನು ಗಿರಾಕಿ ಸಾಹೇಬರ ಕಡೆ ತಿರುಗಿ, ಇವರು ಗೊತ್ತೇ ಎಂದು ಸನ್ನೆ ಮಾಡಿ ಕೇಳಿದ. ಗಿರಾಕಿ ಸಾಹೇಬರು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ನಮ್ಮ ಸಾಹೇಬರ ಕಡೆ ಬೆರಳು ತೋರಿಸಿ, "ಅವರು ನನ್ನ ಮ್ಯಾನೇಜರ್" ಎಂದರು.

ಸಾಹೇಬರು ಕೈ ಮುಗಿದರು. "ಕ್ಷಮಿಸಿ, ತಪ್ಪು ನನ್ನದು. ನಿಮ್ಮನ್ನು ಕಳೆದವನು ನಾನು."

"ಅಲ್ಲ" ಎಂದರು ಗಿರಾಕಿ ಸಾಹೇಬರು. ಬೆರಳು ನನ್ನ ಕಡೆ ತಿರುಗಿತು. "ಈಕೆ."

ಮರುದಿನ ಮೀಟಿಂಗಿನಲ್ಲಿ ನಾನು ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದೆ, ಎದ್ದು ಹೋಗಲು ಅನುಕೂಲವಾಗಲಿ ಎಂದು. ಗಿರಾಕಿ ಸಾಹೇಬರು ಎದ್ದು ನಿಂತರು. ಸಾಫ್ಟ್‌ವೇರು ಸರಿಯಾಗಿದೆ, ಆದರೆ ಸರಿಯಾದ ಸಾಫ್ಟ್‌ವೇರು ಮಾಡುವವರು ಬೇರೆಯವರೂ ಇದ್ದಾರೆ ಎಂದರು. ನಾನು ಕುರ್ಚಿಯನ್ನು ಬಾಗಿಲ ಕಡೆಗೆ ಇನ್ನಷ್ಟು ಸರಿಸಿದೆ. "ನಿನ್ನೆ ಆ ಡೇರೆಯಲ್ಲಿ ಕೂತಾಗ ನನಗೆ ಭಾಷೆ ಗೊತ್ತಿಲ್ಲ, ದಾರಿ ಗೊತ್ತಿಲ್ಲ, ಹೋಟೆಲಿನ ಹೆಸರೂ ಮರೆತುಹೋಗಿತ್ತು. ಆದರೆ ಈ ಮನುಷ್ಯ ಬಂದೇ ಬರುತ್ತಾರೆ ಎಂಬುದರಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಕೆಲಸ ನಿಮ್ಮಲ್ಲೇ ಇರಲಿ."

ಕೋಣೆಯಲ್ಲಿ ಚಪ್ಪಾಳೆ. ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ. ಮೊನ್ನೆಯ ನನ್ನ ಸ್ಲೈಡುಗಳಲ್ಲಿ ಎಲ್ಲ ಗುಣಗಳೂ ಇದ್ದವು, ಇದೊಂದು ಇರಲಿಲ್ಲ.

"ಒಂದು ಷರತ್ತು" ಎಂದರು ಗಿರಾಕಿ ಸಾಹೇಬರು. "ಇದನ್ನು ಹೊಂದಿಸಿಕೊಡಲು ನಮ್ಮೂರಿಗೆ ಒಬ್ಬರು ಬರಬೇಕು. ಈಕೆಯನ್ನೇ ಕಳಿಸಿ. ನಮ್ಮಲ್ಲೂ ದೊಡ್ಡ ಸಂತೆ ನಡೆಯುತ್ತದೆ. ಅಲ್ಲಿ ನಾನು ಈಕೆಯನ್ನು ಒಮ್ಮೆ ಕಳೆಯಬೇಕು." ಬಂದಾಗಿನಿಂದ ಅವರು ನಕ್ಕದ್ದು ಅದೇ ಮೊದಲು.

ಕಾಯಂ ಆಗದವರನ್ನು ಹೊರದೇಶಕ್ಕೆ ಕಳಿಸುವ ಪದ್ಧತಿ ನಮ್ಮ ಕಂಪನಿಯಲ್ಲಿ ಇರಲಿಲ್ಲ. ದೊಡ್ಡ ಸಾಹೇಬರು ಕೂತಲ್ಲಿಂದಲೇ, "ಹಾಗಾದರೆ ಇವತ್ತೇ ಕಾಯಂ ಮಾಡಿ" ಎಂದರು. ಎಲ್ಲರೂ ನನ್ನ ಕೈ ಕುಲುಕಿದರು. ನಾನು ಸೀದಾ ನಮ್ಮ ಸಾಹೇಬರ ಹತ್ತಿರ ಹೋದೆ. ಹೇಗೆ ಹೇಳಲಿ ನಿಮ್ಮ ಉಪಕಾರ ಎಂದು ಏನೇನೋ ತೊದಲಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಹೋಗಿ ಬಾ ತಂಗಿ. ಅಲ್ಲೆ ಎಲ್ಲೆರ ಕಳದ್ರ ಅಳಬ್ಯಾಡ. ಚಾಕಲೇಟ್ ಕೊಡ್ತಾರ, ತಿನಕೋತ ಕೂಡು. ನಾ ಬರ್ತೀನಿ."